ತೋಶಿಯೊ ಮಾವನ ಎಲುಬು

"ಎಲುಬು ಹುಡಿ ಮಾಡ್ಬೇಡಿ ಅಂತ ಅವರಿಗೆ ಹೇಳಿದ್ದಿಯಲ್ಲ?"

ಸಿಡ್ನಿ ಏರ್‌ಪೋರ್ಟಿನಿಂದ ಪುರುಷೋತ್ತಮ ಚಿಕ್ಕಪ್ಪ ಫೋನಿನಲ್ಲಿ ಹೀಗೆ ಕೇಳಿದಾಗ, ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ತನ್ನ ಅಡುಗೆಮನೆಯಲ್ಲಿ ನಿಂತಿದ್ದ ಸುಪ್ರೀತಾಳಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಅವಳ ಮಾವ ತೋಶಿಯೊ ಹಮಾಡಾ ಆ ವಾರದ ಮೊದಲಲ್ಲಿ ತೀರಿಕೊಂಡಿದ್ದರು. ದಹನ ನಿನ್ನೆ ಮಧ್ಯಾಹ್ನ ಮುಗಿದಿತ್ತು. ನಿನ್ನೆಗೆ ರಜೆ ಸಿಗದ ಚಿಕ್ಕಪ್ಪ ಇವತ್ತು ಎಲುಬು ಆಯುವುದಕ್ಕೆಂದೇ ವಿಮಾನ ಹತ್ತಲು ಹೊರಟಿದ್ದರು.

"ಎಂತ ಹುಡಿ ಚಿಕ್ಕಪ್ಪ?"

"ಅಯ್ಯೋ, ಇಲ್ಲಿಯವರು ಸುಟ್ಟಾದ ಮೇಲೆ ಎಲುಬನ್ನೆಲ್ಲ ಒಂದು ಮಿಷನ್ನಿಗೆ ಹಾಕ್ತಾರೆ ಮಾರಾಯ್ತಿ. ಹೊಯ್ಗೆಯ ಹಾಗೆ ಮಾಡಿ ಡಬ್ಬಿಯಲ್ಲಿ ತುಂಬಿಸಿ ಕೊಡ್ತಾರೆ. ಬೇಡ ಅಂತ ನಾವು ಮೊದಲೇ ಹೇಳ್ಬೇಕು. ಹೆಂಡತಿ ಸಚಿಕೊ ಹೋದಾಗ ತೋಶಿಯೊ ಅದನ್ನೇ ಹತ್ತು ಸಲ ಹೇಳಿದ್ದ. ನೀನು ಹೇಳ್ಲಿಲ್ವಾ?"

ಹೇಳಿರಲಿಲ್ಲ. ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಉಡುಪಿಯಲ್ಲಿ ಅವಳ ಅಜ್ಜ ತೀರಿಕೊಂಡಾಗ ಗಂಡಸರು ಮೂರನೆಯ ದಿನ ಬೂದಿಗೆ ಹಾಲು ನೀರು ಚಿಮುಕಿಸಿ, ಎಲುಬು ಆಯ್ದು, ಮಡಕೆಯಲ್ಲಿ ತಂದು ಹಿತ್ತಲಿನ ಮರಕ್ಕೆ ಕಟ್ಟಿದ್ದನ್ನು ಅವಳು ಕಣ್ಣಾರೆ ಕಂಡವಳು. ಜಪಾನಿನಲ್ಲಿ ಮಾವನ ಕಡೆಯವರೂ ಎಲುಬು ಆಯುವವರೇ. ಸತ್ತವರ ಎಲುಬನ್ನು ಯಾರಾದರೂ ಮಿಷನ್ನಿಗೆ ಹಾಕಿಯಾರು ಎಂಬ ಯೋಚನೆ ಎರಡೂ ಕಡೆಯವರಿಗೆ ಬರುವಂಥದ್ದಲ್ಲ. ಬೇರೆ ಯಾರ ಮನೆಯ ಸೊಸೆಯಾಗಿದ್ದರೂ ಒಂದು ಮಾತು ಕೇಳಿ ತಿಳಿದುಕೊಳ್ಳುತ್ತಿದ್ದಳೇನೋ. ತನಗೆ ಎಲ್ಲ ಗೊತ್ತಿದೆ ಎಂದುಕೊಂಡವಳು ಕೇಳುವುದಾದರೂ ಏನನ್ನು? 'ಬೂದಿ ನಾಳೆ ಮಧ್ಯಾಹ್ನ ಕೊಡುತ್ತೇವೆ' ಎಂದು ಚಿತಾಗಾರದ ಆಫೀಸಿನ ಹುಡುಗಿ ಹೇಳಿದಾಗ, ಆಗಲಿ ಎಂದು ತಲೆಯಾಡಿಸಿ ಬಂದಿದ್ದಳು.

"ಯಾವಾಗ ಮಾಡ್ತಾರೆ ಅದನ್ನು?"

"ರಾತ್ರಿ ತಣಿಲಿಕ್ಕೆ ಬಿಡ್ತಾರೆ. ಬೆಳಿಗ್ಗೆ ಕೆಲಸಕ್ಕೆ ಬಂದ ಕೂಡಲೇ ಅದೇ ಮೊದಲು. ಫೋನಿಡು, ಓಡು."

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಸುಪ್ರೀತಾ ಅದನ್ನು ನೋಡಲಿಲ್ಲ. ಚಿತಾಗಾರಕ್ಕೆ ಫೋನ್ ಮಾಡಿದರೆ, ಆಫೀಸು ಒಂಬತ್ತಕ್ಕೆ ತೆರೆಯುತ್ತದೆ ಎಂದು ರೆಕಾರ್ಡು ನಯವಾಗಿ ಹೇಳಿತು. ಆಗಿನ್ನೂ ಏಳೂವರೆ.

ಗಂಡ ನಾವೊಕಿ ಊಟದ ಮೇಜಿನಲ್ಲಿ ಟೋಸ್ಟ್ ಮುಂದಿಟ್ಟುಕೊಂಡು ಕೂತಿದ್ದ. ಸಿಡ್ನಿಯಲ್ಲೇ ಹುಟ್ಟಿದವನು; ಅವನಾಡುವುದು ಇಂಗ್ಲಿಷು. ಇಲ್ಲಿ ಕನ್ನಡದಲ್ಲಿ ಬರೆದರೂ, ಅದು ಮೂಗಿನೊಳಗಿಂದ ಬರುವ ಅಪ್ಪಟ ಸಿಡ್ನಿ ಇಂಗ್ಲಿಷೆಂದೇ ಕೇಳಿಸಿಕೊಳ್ಳಬೇಕು. ಅವಳು ಗಾಬರಿಯಲ್ಲಿ ಎಲ್ಲವನ್ನೂ ಹೇಳಿದಳು. ಅವನು ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

"ಹುಡಿಯಾದರೆ ಏನಾಗುತ್ತೆ? ಅಪ್ಪನಿಗೆ ನೋವಾಗುತ್ತಾ?"

ಸುಪ್ರೀತಾಳಿಗೆ ಸಿಟ್ಟು ನೆತ್ತಿಗೇರಿತು. "ದಹನದ ಅರ್ಜಿಗೆ ಸಹಿ ಹಾಕಿದ್ದು ನೀನು. ನನ್ನ ಮಾತು ಅವರು ಕೇಳಲ್ಲ. ಬಂದು ಬೇಡ ಅಂತ ಒಂದು ಮಾತು ಹೇಳು. ಆಮೇಲೆ ಬೇಕಾದರೆ ಕಾರಲ್ಲೇ ಕೂತಿರು. ನಾನು ಮಾವನಿಗೆ ಮಾತು ಕೊಟ್ಟಿದ್ದೇನೆ, ನಾವೋ."

"ನಾನು ಕೊಟ್ಟಿಲ್ಲ."

ಅವಳು ಕಾರಿನ ಕೀ ತೆಗೆದುಕೊಂಡು ಹೊರಗೆ ನಡೆದಳು. ಸಿಟ್ಟು ಬಂದಾಗ ಅವಳು ಹೇಗೆ ಕಾರು ಓಡಿಸುತ್ತಾಳೆಂದು ನಾವೊಕಿಗೆ ಚೆನ್ನಾಗಿ ಗೊತ್ತು. ಲೇಸು ಕಟ್ಟದ ಶೂಗಳಲ್ಲೇ ಓಡಿ ಬಂದು ಪಕ್ಕದಲ್ಲಿ ಕೂತ. ಅಪ್ಪನ ಮೇಲಿನ ಪ್ರೀತಿಯಿಂದ ಬಂದನೆಂದು ಯಾರೂ ತಿಳಿಯಬೇಕಾಗಿಲ್ಲ.

ಕಾರು ರಸ್ತೆಗಿಳಿಸುವಾಗ ಸುಪ್ರೀತಾ ಅಭ್ಯಾಸಬಲದಿಂದ ಕನ್ನಡಿ ನೋಡಿದಳು. ಗೇಟಿನ ಬಳಿ ಯಾರೂ ಇರಲಿಲ್ಲ. ಮಾವ ಇವರ ಜೊತೆಗೆ ಬಂದಿದ್ದ ವರ್ಷದುದ್ದಕ್ಕೂ, ಇವರಿಬ್ಬರೂ ಕೆಲಸಕ್ಕೆ ಹೊರಟಾಗಲೆಲ್ಲ ಅಲ್ಲಿ ಬಂದು ನಿಂತು, ಕಾರು ತಿರುವು ದಾಟುವ ತನಕ ಕೈ ಬೀಸುತ್ತಿದ್ದರು. ಚಳಿಯಿರಲಿ, ಮೈಯಲ್ಲಿ ಜ್ವರವಿರಲಿ, ಅದು ತಪ್ಪುತ್ತಿರಲಿಲ್ಲ. ಈಗ ಬರೀ ಕಸದ ಡಬ್ಬಿ ನಿಂತಿತ್ತು. ಅವಳಿಗೆ ಅಳು ಬಂತು. ಅಳುತ್ತ ಕಾರು ಓಡಿಸುವ ಹೊತ್ತು ಅದಲ್ಲವೆಂದು ನುಂಗಿಕೊಂಡಳು.

ಆ ಕೈ ಬೀಸುವುದು ಅವರು ಸಿಡ್ನಿಯ ಹೋಟೆಲಿನಿಂದ ತಂದದ್ದು. ತೋಶಿಯೊ ಹಮಾಡಾ ಜಪಾನಿನ ಕೋಚಿ ಎಂಬ ಕಡಲತೀರದವರು. ಮೀನು ಹಿಡಿಯುವವರ ಮನೆಯ ಮೂರನೆಯ ಮಗ. ಎಂಬತ್ತರ ದಶಕದಲ್ಲಿ ಜಪಾನೀ ಪ್ರವಾಸಿಗರು ಬಸ್ಸುಗಟ್ಟಲೆ ಸಿಡ್ನಿಗೆ ಬಂದಿಳಿಯತೊಡಗಿದಾಗ, ಹಾರ್ಬರಿನ ಬಳಿಯ ಒಂದು ದೊಡ್ಡ ಹೋಟೆಲು ಅವರ ಭಾಷೆ ಬಲ್ಲವರನ್ನು ಹುಡುಕಿ ಕೆಲಸಕ್ಕೆ ಸೇರಿಸಿಕೊಂಡಿತು. ಬಿಳಿ ಕೈಗವಸು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವುದು, ಪೆಟ್ಟಿಗೆ ಹೊರುವುದು, ಹೊರಡುವ ಬಸ್ಸಿಗೆ ಬಗ್ಗಿ ನಮಸ್ಕರಿಸಿ ಅದು ಮರೆಯಾಗುವ ತನಕ ಕೈ ಬೀಸುವುದು. ಉಳಿದ ಪೋರ್ಟರುಗಳು ಬಸ್ಸಿನ ಬಾಗಿಲು ಮುಚ್ಚಿದ ಕೂಡಲೇ ಸಿಗರೇಟಿಗೆ ಹೋಗುತ್ತಿದ್ದರು. ಈ ಮನುಷ್ಯ ಒಬ್ಬನೇ ಖಾಲಿ ರಸ್ತೆಗೆ ಕೈ ಬೀಸುತ್ತಿದ್ದದ್ದನ್ನು ನೋಡಿ ನಕ್ಕವರು ಬಹಳ.

ಕಾಲ ತಿರುಗಿತು. ಜಪಾನಿನ ಬಸ್ಸುಗಳು ಕಡಿಮೆಯಾದವು. ಬಾಗಿಲಲ್ಲಿ ನಿಲ್ಲಲು ಎತ್ತರದ ಹುಡುಗರು ಬಂದರು. ಹೋಟೆಲಿನವರು ತೋಶಿಯೊರನ್ನು ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಡೆಗೆ ಕಳಿಸಿದರು. ಅಲ್ಲಿ ಮೊದಲೇ ನಿಂತಿದ್ದವರು ಪುರುಷೋತ್ತಮ ಚಿಕ್ಕಪ್ಪ. ಊರು ಯಾವುದೆಂದು ಕೇಳಿದರೆ ಕೋಚಿ ಎಂದನಂತೆ ಈ ಪುಣ್ಯಾತ್ಮ. "ಕೊಚ್ಚಿಯಾ? ಹಾಗಾದರೆ ನಮ್ಮ ಪಕ್ಕದವನೇ!" ಎಂದು ಚಿಕ್ಕಪ್ಪ ಕೈ ಕುಲುಕಿದರಂತೆ. ತಪ್ಪು ಗೊತ್ತಾಗುವ ಹೊತ್ತಿಗೆ ಸ್ನೇಹ ಗಟ್ಟಿಯಾಗಿತ್ತು. ವೆಸ್ಟ್‌ಮೀಡ್‌ನ ಚಿಕ್ಕಪ್ಪನ ಮನೆಯಲ್ಲಿ ಭಾನುವಾರದ ನೀರುದೋಸೆಗೆ ತೋಶಿಯೊ ಕಾಯಂ ಗಿರಾಕಿಯಾದರು. ಓದಲು ಬಂದು ಆ ಮನೆಯಲ್ಲೇ ಉಳಿದಿದ್ದ ಸುಪ್ರೀತಾ ನಾವೊಕಿಯನ್ನು ಮೊದಲು ಕಂಡದ್ದೂ ಹಾಗೆಯೇ. ಅಪ್ಪನನ್ನು ಕಾರಿನಲ್ಲಿ ಇಳಿಸಿ, ಒಳಗೂ ಬಾರದೆ ಹೊರಟುಹೋದ ಮುಂಗೋಪಿ ಹುಡುಗನಾಗಿ. ಮದುವೆಯ ಸುದ್ದಿ ಉಡುಪಿಗೆ ಮುಟ್ಟಿದಾಗ ಅವಳ ತಾಯಿ ಗುಣವತಿ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ, "ಜಪಾನಿನವರಾದರೆ ಎಂತಾಯ್ತು, ಹೋಟೆಲಿನವರಲ್ವಾ? ನಮ್ಮವರೇ ಅಂತ ತಿಳ್ಕೊಳ್ಳುವ," ಎಂದು ತಾವೇ ಸಮಾಧಾನ ಮಾಡಿಕೊಂಡರು.

ಕಾರು ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿತು. ಮುಂದೆ ಟ್ರಕ್ಕುಗಳ ಸಾಲು. ಸುಪ್ರೀತಾ ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಿದ್ದಳು.

"ಏನು ಮಾತು ಕೊಟ್ಟಿದ್ದೆ?" ಎಂದು ನಾವೊಕಿ ಕಿಟಕಿಯ ಕಡೆಗೆ ನೋಡುತ್ತಲೇ ಕೇಳಿದ.

"ಆ ಊಟ ನೆನಪಿದೆಯಾ? ಪ್ಯಾರಮಟ್ಟಾ ಫ್ಲ್ಯಾಟಿನಲ್ಲಿ?"

ಯಾರಿಗೆ ಮರೆತೀತು! ಸೊಸೆಯಾಗುವವಳು ಮೊದಲ ಸಲ ಊಟಕ್ಕೆ ಬಂದ ದಿನ. ಚಾಪ್‌ಸ್ಟಿಕ್ ಹಿಡಿಯುವುದನ್ನು ಅವಳು ಒಂದು ವಾರ ಕಡಲೆಕಾಳಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದಳು. ಮಾವ ಬಟ್ಟಲಿನಿಂದ ಬದನೆಕಾಯಿಯ ಹೋಳೊಂದನ್ನು ಕಡ್ಡಿಯಲ್ಲಿ ಎತ್ತಿ ಅವಳ ತಟ್ಟೆಯ ಕಡೆಗೆ ತಂದಾಗ, ತನ್ನ ಜಾಣ್ಮೆ ತೋರಿಸುವ ಉತ್ಸಾಹದಲ್ಲಿ ಅವಳು ಅದನ್ನು ನಡುದಾರಿಯಲ್ಲೇ ತನ್ನ ಕಡ್ಡಿಗಳಿಂದ ಹಿಡಿದುಬಿಟ್ಟಳು. ಎರಡು ಜೊತೆ ಕಡ್ಡಿಗಳ ನಡುವೆ ಒಂದು ಹೋಳು. ಮಾವನ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಒಂದೂ ಮಾತಾಡದೆ ಎದ್ದು ಬಾಲ್ಕನಿಗೆ ಹೋದರು. ನಾವೊಕಿಯೂ ಎದ್ದು ಹೋದ, ಹೋಗುವ ಮುನ್ನ ಹಲ್ಲು ಕಚ್ಚಿಕೊಂಡು ಹೇಳಿದ: "ಸುಟ್ಟ ಎಲುಬನ್ನು ಮಾತ್ರ ಹಾಗೆ ಎತ್ತೋದು. ಇಬ್ಬರು ಎದುರು ಬದುರು ನಿಂತು. ಊಟದಲ್ಲಿ ಯಾರೂ ಹಾಗೆ ಮಾಡಲ್ಲ." ಅವಳೊಬ್ಬಳೇ ಮೇಜಿನ ಮುಂದೆ ಉಳಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮಾರನೆಯ ದಿನ ನಿಮ್ಮಪ್ಪ ನಮ್ಮ ಮನೆಗೆ ಬಂದಿದ್ದರು," ಎಂದಳು ಸುಪ್ರೀತಾ. "ಬಾಗಿಲಲ್ಲೇ ನಿಂತು ಬಗ್ಗಿದರು. ಆಮೇಲೆ ಹೇಳಿದರು, 'ಸುಪುರೀತಾ, ಹಾಗೆ ಕಡ್ಡಿಯಿಂದ ಕಡ್ಡಿಗೆ ಹಿಡಿಯೋದನ್ನ ನನಗೋಸ್ಕರ ಇಟ್ಟುಕೋ. ಒಂದು ದಿನ. ನೀನು ಈ ಕಡೆ, ನಾವೋ ಆ ಕಡೆ.' ನಾನು ಹ್ಞೂಂ ಅಂದೆ. ಆ ಮನುಷ್ಯ ನನ್ನ ಹತ್ತಿರ ಕೇಳಿದ್ದು ಅದೊಂದೇ."

ಸಿಗ್ನಲ್ ಬಿಟ್ಟಿತು, ಟ್ರಕ್ಕು ಅಲುಗಲಿಲ್ಲ, ಮತ್ತೆ ಕೆಂಪಾಯಿತು. ಸುಪ್ರೀತಾ ತನಗೆ ಗೊತ್ತಿದ್ದ ಎಲ್ಲ ಬೈಗುಳವನ್ನೂ ತುಳುವಿನಲ್ಲಿ ಆ ಟ್ರಕ್ಕಿಗೆ ಅರ್ಪಿಸಿದಳು.

"ನನ್ನಮ್ಮ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಸಾಯ್ತಾ ಇದ್ದಳು," ಎಂದ ಅವನು ಇದ್ದಕ್ಕಿದ್ದಂತೆ. "ನಾನು ಹೋಟೆಲಿಗೆ ಫೋನ್ ಮಾಡಿದೆ. ಬೇಗ ಬಾ ಅಂದೆ. ಅವತ್ತು ಅಲ್ಲೊಂದು ಮದುವೆ ಪಾರ್ಟಿ. ಅವನು ತಟ್ಟೆಗಳನ್ನೆಲ್ಲ ತೊಳೆದು ಮುಗಿಸಿ ಬಂದ. ಅಮ್ಮ ಹೋಗಿಯಾಗಿತ್ತು. ಅವನ ಕೈಯಲ್ಲಿ ಸೋಪಿನ ವಾಸನೆ. ಆ ಕೈಯಲ್ಲಿ ಅಮ್ಮನ ಮುಖ ಮುಟ್ಟಿದ."

"ಗೊತ್ತು."

"ಅದಕ್ಕೇ ನಾನು ಆಮೇಲೆ ಚಿತಾಗಾರದ ಆ ರೂಮಿನಿಂದ ಹೊರಗೆ ಬಂದೆ. ಅಮ್ಮನ ಎಲುಬನ್ನು ಅವನ ಎದುರು ನಿಂತು ಎತ್ತಲ್ಲ ಅಂದೆ. ಇವತ್ತಿಗೂ ನನಗೆ ಅದು ತಪ್ಪು ಅನ್ನಿಸಲ್ಲ."

ಸುಪ್ರೀತಾ ಅವನ ತಪ್ಪು ಹುಡುಕಲಿಲ್ಲ. ಮಾವ ಶಿಫ್ಟ್ ಮುಗಿಸಿಯೇ ಬಂದದ್ದು ನಿಜ. ಹಿಡಿದ ಕೆಲಸ ನಡುವೆ ಬಿಟ್ಟು ಹೊರಡಲು ಬಾರದ ಜನ್ಮ ಅದು. ಖಾಲಿ ರಸ್ತೆಗೆ ಕೈ ಬೀಸುವವನು ಹೆಂಡತಿ ಸಾಯುವಾಗಲೂ ಕೊನೆಯ ತಟ್ಟೆ ಒರೆಸುತ್ತಾನೆ. ಅದನ್ನು ಒಳ್ಳೆಯತನವೆಂದು ಹೊಗಳುವವರು ಹೊಗಳಲಿ. ಹತ್ತೊಂಬತ್ತರ ಮಗನಿಗೆ ಅದು ಎದೆಗೆ ಚುಚ್ಚಿದ ಮುಳ್ಳು. ಆ ಮುಳ್ಳನ್ನು ಅಪ್ಪ ಮಗ ಇಬ್ಬರೂ ಎಂಟು ವರ್ಷ ಕೀಳಲಿಲ್ಲ. ಒಂದೇ ಮನೆಯಲ್ಲಿ ಇದ್ದಾಗಲೂ ಮಳೆ, ಬಿಸಿಲು, ಫುಟ್ಬಾಲು ಇಷ್ಟೇ ಮಾತಾಡಿಕೊಂಡರು.

"ನೀನು ಹೊರಗೆ ಬಂದ ಮೇಲೆ ಎದುರಿಗೆ ಯಾರು ನಿಂತರು ಅಂತ ಗೊತ್ತಾ?" ಎಂದು ಅವಳು ಕೇಳಿದಳು.

"ಅಲ್ಲಿಯ ಕೆಲಸದವರು ಯಾರೋ ಇರಬೇಕು."

"ಪುರುಷೋತ್ತಮ ಚಿಕ್ಕಪ್ಪ. ಹೊರಗೆ ಕಾಯ್ತಾ ಇದ್ದವರನ್ನ ನಿಮ್ಮಪ್ಪ ಬಂದು ಕರೆದರಂತೆ. ಚಿಕ್ಕಪ್ಪನಿಗೆ ಚಾಪ್‌ಸ್ಟಿಕ್ ಹಿಡಿಯೋಕೂ ಬರ್ತಿರಲಿಲ್ಲ. ಅವರ ಕೈ ಹಿಡಿದು ಕಲಿಸಿ, ಆಮೇಲೆ ಎತ್ತಿದರಂತೆ. ಒಂದೊಂದು ಎಲುಬಿಗೂ 'ಸಾರಿ ಸಚಿಕೊ' ಅಂತ ಹೇಳ್ತಿದ್ದರಂತೆ. ನಿನ್ನ ಮೇಲೆ ಒಂದು ಮಾತೂ ಆಡಲಿಲ್ಲ."

ನಾವೊಕಿ ಮುಖ ಪೂರ್ತಿ ಕಿಟಕಿಗೆ ತಿರುಗಿಸಿದ. ಅವನ ಕಿವಿ ಕೆಂಪಾದದ್ದು ಮಾತ್ರ ಅವಳಿಗೆ ಕಂಡಿತು.

ಚಿತಾಗಾರದ ಮುಂಬಾಗಿಲಿಗೆ ಬೀಗ. ಸುಪ್ರೀತಾ ಬಡಿದಳು, ಕೂಗಿದಳು. ಯಾರೂ ಬರಲಿಲ್ಲ. ಆಗ ಹಿಂದಿನ ಕಡೆಯಿಂದ ಒಂದು ಸದ್ದು ಕೇಳಿಸಿತು. ಮಿಕ್ಸಿಯಲ್ಲಿ ಒಣ ಕೊತ್ತಂಬರಿ ಹಾಕಿದಾಗ ಬರುವಂಥ ಗರಗರ ಸದ್ದು. ತಡವಾಯಿತು, ಮಾವನನ್ನು ಅರೆದು ಹಾಕಿದರು ಎಂದು ಅವಳು ಅಲ್ಲೇ ಗೋಡೆಗೊರಗಿ ನಿಂತುಬಿಟ್ಟಳು.

ಓಡಿದವನು ನಾವೊಕಿ. ಕಟ್ಟದ ಲೇಸುಗಳು ಕಾಲಿಗೆ ತೊಡರುತ್ತಿದ್ದರೂ ಕಟ್ಟಡವನ್ನು ಸುತ್ತಿ, ಹಿಂಬಾಗಿಲು ತಳ್ಳಿ ಒಳಗೆ ನುಗ್ಗಿದ. ಸುಪ್ರೀತಾ ಹಿಂದೆಯೇ ಬಂದಾಗ ಅವನು "ನಿಲ್ಲಿಸಿ! ನಿಲ್ಲಿಸಿ!" ಎಂದು ಅರಚುತ್ತಿದ್ದ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಿದ್ದ ವಯಸ್ಸಾದ ಕೆಲಸಗಾರನೊಬ್ಬ ಬೆಚ್ಚಿ ತಿರುಗಿ, ಮಿಷನ್ ಆರಿಸಿದ.

"ಅದು ನನ್ನ ಅಪ್ಪ," ಎಂದ ನಾವೊಕಿ.

"ಹೆಸರು ಹೇಳಿ, ಮೇಟ್."

ನಾವೊಕಿ ಮಿಷನ್ನಿಗೆ ಅಡ್ಡ ನಿಂತ. "ಹಮಾಡಾ," ಎಂದಳು ಸುಪ್ರೀತಾ. "ತೋಶಿಯೊ ಹಮಾಡಾ."

ಕೆಲಸಗಾರ ಮಿಷನ್ನಿಗೆ ಸಿಕ್ಕಿಸಿದ್ದ ಚೀಟಿ ಓದಿದ. ಓದಲು ಕನ್ನಡಕ ಬೇಕಾಯಿತು. ಅದನ್ನು ಅವನು ಜೇಬಿನಲ್ಲಿ ಹುಡುಕಿ, ಒರೆಸಿ, ಹಾಕಿಕೊಳ್ಳುವಷ್ಟರಲ್ಲಿ ಸುಪ್ರೀತಾಳ ಅರ್ಧ ಜೀವ ಹೋಗಿತ್ತು. "ಇದು ನಿಮ್ಮವರದಲ್ಲ," ಎಂದ. ಪಕ್ಕದ ಮೇಜಿನ ಮೇಲಿದ್ದ ತಗಡಿನ ತಟ್ಟೆಯ ಕಡೆಗೆ ಕೈ ತೋರಿಸಿದ. "ನಿಮ್ಮವರು ಅಲ್ಲಿದ್ದಾರೆ. ಇದಾದ ಮೇಲೆ ಅವರ ಸರದಿ."

ತಟ್ಟೆಯಲ್ಲಿ ಬೆಳ್ಳಗಿನ ಎಲುಬುಗಳು ಇದ್ದವು. ಉದ್ದನೆಯವು, ಬಾಗಿದವು, ಚೂರುಗಳು. ಪೆಟ್ಟಿಗೆ ಹೊತ್ತ ಭುಜ, ತಟ್ಟೆ ತೊಳೆದ ಬೆರಳು, ಬೀಸಿದ ಕೈ, ಎಲ್ಲ ಅಷ್ಟರಲ್ಲೇ ಇತ್ತು. ಸುಪ್ರೀತಾ ಕೈ ಮುಗಿದಳು.

"ಮತ್ತೆ ಏನು ಮಾಡಬೇಕು ಹೇಳಿ," ಎಂದ ಕೆಲಸಗಾರ. ಕೆಟ್ಟವನಲ್ಲ, ಆದರೆ ನಿಯಮದವನು. "ಸಹಿ ಹಾಕಿದವರೇ ಹೇಳಬೇಕು. ಮೇಡಂ ಹೇಳಿದರೆ ನಡೆಯಲ್ಲ."

ಸುಪ್ರೀತಾ ಗಂಡನ ಮುಖ ನೋಡಿದಳು. ಮೂರು ವರ್ಷ ಸಂಸಾರ ಮಾಡಿದವಳಿಗೆ ಅವನು ಈಗ ಏನು ಹೇಳಿಯಾನೆಂದು ಊಹಿಸಲಾಗಲಿಲ್ಲ. ನಾವೊಕಿ ತಟ್ಟೆಯನ್ನೇ ನೋಡುತ್ತಿದ್ದ. ಇನ್ನೊಂದು ಮಾತು ಹೇಳಿ ಅವನನ್ನು ತಳ್ಳಬೇಕೆಂದು ಅವಳ ನಾಲಿಗೆ ತುದಿಗೆ ಬಂದಿತ್ತು. ಕಷ್ಟಪಟ್ಟು ತಡೆದುಕೊಂಡಳು.

"ಹುಡಿ ಮಾಡಬೇಡಿ," ಎಂದ ನಾವೊಕಿ ಕೊನೆಗೆ. "ಹಾಗೇ ಇರಲಿ. ನಾವು ಮಧ್ಯಾಹ್ನ ಬಂದು ಎತ್ತುತ್ತೇವೆ."

ಉಳಿದ ಕೆಲಸ ಸಲೀಸಾಗಿ ಆಯಿತು. ಬಾಕ್ಸ್ ಹಿಲ್‌ನ ಚೀನೀ ಅಂಗಡಿಯಲ್ಲಿ ಸುಪ್ರೀತಾ ಎರಡು ಕಟ್ಟು ಚಾಪ್‌ಸ್ಟಿಕ್ ಕೊಂಡಳು, ಒಂದು ಬಿದಿರಿನದು, ಇನ್ನೊಂದು ಮರದ್ದು. ಎಲುಬು ಎತ್ತುವ ಕಡ್ಡಿಗಳು ಜೋಡಿಯಾಗಿರಬಾರದು, ಬಿದಿರಿನದೊಂದು ಮರದ್ದೊಂದು ಇರಬೇಕು ಎಂದು ಚಿಕ್ಕಪ್ಪ ವಿಮಾನ ಹತ್ತುವ ಮೊದಲು ಮೆಸೇಜು ಕಳಿಸಿದ್ದರು. ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಅವಳು ಜೋಡಿಗಳನ್ನು ಒಡೆದು ಬೆರಕೆ ಮಾಡುವುದನ್ನು ಕಂಡು ಅಂಗಡಿಯ ಮುದುಕಿ ಏನೋ ಕೇಳಬೇಕೆಂದಿದ್ದಳು. ಇವಳ ಕಣ್ಣು ನೋಡಿ ಸುಮ್ಮನಾದಳು.

ಚಿಕ್ಕಪ್ಪ ಏರ್‌ಪೋರ್ಟಿನಿಂದ ಟ್ಯಾಕ್ಸಿಯಲ್ಲಿ ನೇರ ಚಿತಾಗಾರಕ್ಕೇ ಬಂದರು. ಹೋಟೆಲಿನ ಕಪ್ಪು ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಾವೊಕಿ ಅವರ ಮುಂದೆ ಹೋಗಿ ನಿಂತು, ಏನು ಹೇಳಬೇಕೆಂದು ತೋಚದೆ, ಸೊಂಟದ ತನಕ ಬಗ್ಗಿದ. ಅಪ್ಪ ಬಸ್ಸುಗಳಿಗೆ ಬಗ್ಗುತ್ತಿದ್ದ ಹಾಗೆಯೇ. ಚಿಕ್ಕಪ್ಪನಿಗೆ ಕಕ್ಕಾಬಿಕ್ಕಿ. "ಏಯ್, ಸಾಕು ಸಾಕು, ಎಂತ ಮಾರಾಯಾ," ಎಂದು ಭುಜ ಹಿಡಿದು ಎತ್ತಿದರು. ಕನ್ನಡ ತಿಳಿಯದಿದ್ದರೂ ಅವನಿಗೆ ಅದು ತಿಳಿಯಿತು.

ಪುಟ್ಟ ಕೋಣೆ. ನಡುವೆ ಆ ತಟ್ಟೆ, ಪಕ್ಕದಲ್ಲಿ ಬಿಳಿ ಪಿಂಗಾಣಿಯ ಭರಣಿ. ಪಾದದ ಎಲುಬಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಭರಣಿಯಲ್ಲಿ ಮನುಷ್ಯ ತಲೆಕೆಳಗಾಗಬಾರದು ಎಂದರು ಚಿಕ್ಕಪ್ಪ. ಕೊನೆಯಲ್ಲಿ ಕೊರಳಿನ ಎಲುಬು. ಕೂತ ಬುದ್ಧನ ಹಾಗೆ ಕಾಣುತ್ತದೆಂದು ತೋಶಿಯೊ ತೋರಿಸಿದ್ದನಂತೆ. ನಾವೊಕಿ ಅಭ್ಯಾಸವಿಲ್ಲದೆ, ಎದುರಿನ ಜಾಗವನ್ನು ಚಿಕ್ಕಪ್ಪನಿಗೆ ಬಿಟ್ಟುಕೊಡುವವನಂತೆ ಪಕ್ಕಕ್ಕೆ ಸರಿದ. ಚಿಕ್ಕಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನಾನು ಆಗ ನಿಂತದ್ದು ನಿನ್ನ ಜಾಗದಲ್ಲಿ," ಎಂದರು ಇಂಗ್ಲಿಷಿನಲ್ಲಿ. "ಇವತ್ತು ನೀನೇ ಬಂದಿದ್ದಿ. ನಾನೆಂತಕ್ಕೆ?"

ಅವನು ತಟ್ಟೆಯ ಆ ಕಡೆ ನಿಂತ. ಸುಪ್ರೀತಾ ಈ ಕಡೆ. ನಾವೊಕಿ ಕಡ್ಡಿಗಳನ್ನು ಹಿಡಿದು, ಪಾದದ ಒಂದು ಸಣ್ಣ ಎಲುಬನ್ನು ಎತ್ತಿದ. ಎತ್ತಿ, ಅವಳ ಕಡೆಗೆ ಚಾಚಿದ.

ಸುಪ್ರೀತಾಳ ಕೈ ಮೇಲೇಳಲಿಲ್ಲ. ಆ ಒಂದು ಊಟದ ಮೇಲೆ ಅವಳು ಎಂದೂ ಇನ್ನೊಬ್ಬರ ಕಡ್ಡಿಯಿಂದ ಏನನ್ನೂ ಹಿಡಿದಿರಲಿಲ್ಲ. ಯಾರಾದರೂ ಕಡ್ಡಿ ಚಾಚಿದರೆ ಸಾಕು, ಅವಳ ಕೈ ತಾನೇ ತಟ್ಟೆ ಮುಂದೊಡ್ಡುತ್ತಿತ್ತು. ಈಗಲೂ ಬಾಲ್ಕನಿಗೆ ಎದ್ದು ಹೋದ ಆ ಬಿಳಿಚಿದ ಮುಖವೇ ಕಣ್ಣ ಮುಂದೆ ಬಂತು.

ನಾವೊಕಿಗೆ ಅರ್ಥವಾಯಿತು. ಅವನ ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ತಗೋ," ಎಂದ. "ಇವತ್ತು ಅಪ್ಪ ಎದ್ದು ಹೋಗಲ್ಲ."